ಬೆಟ್ಟು, ಮಜಲು, ಬೈಲು

ಕರಾವಳಿಯ ರೈತರು ಗದ್ದೆಗಳಿಗೆ ಇಟ್ಟ ಹೆಸರುಗಳಿಗೆ ನಾನು ಮಾರುಹೋಗಿದ್ದೇನೆ. ಎತ್ತರದಲ್ಲಿ ಮಳೆಯನ್ನೇ ನಂಬಿ ನಿಂತ ಗದ್ದೆ ಬೆಟ್ಟು. ಅದರ ಕೆಳಗಿನದು ಮಜಲು. ತೀರ ತಗ್ಗಿನಲ್ಲಿ, ತೋಡಿನ ಮಗ್ಗುಲಿಗೆ ಹಾಸಿಕೊಂಡದ್ದು ಬೈಲು. ಹೆಸರು ಕೇಳಿದೊಡನೆ ಅಲ್ಲಿ ನೀರು ಎಷ್ಟು ಕಾಲ ನಿಲ್ಲುತ್ತದೆ, ಎಷ್ಟು ಬೆಳೆ ಕೈಗೆ ಬರುತ್ತದೆ ಎಂಬುದು ತಿಳಿದುಬಿಡುತ್ತದೆ. ಬೆಟ್ಟಿನಲ್ಲಿ ಮಳೆಗಾಲದ ಏಣೆಲು ಒಂದೇ ಬೆಳೆ. ಮಜಲಿನಲ್ಲಿ ಚಳಿಗಾಲದ ಸುಗ್ಗಿಯೂ ಸೇರಿ ಎರಡು. ಒಳ್ಳೆಯ ಬೈಲಾದರೆ ಬೇಸಿಗೆಯ ಕೊಳಕೆಯೂ ಸೇರಿ ಮೂರು. ನೆಲವನ್ನು ನೀರಿನಿಂದಲೇ ಗುರುತಿಸಿದ ಜನರ ಜಾಣ್ಮೆ ಇದು.

ಘಟ್ಟ ಹತ್ತಿ ಶಿರಸಿ, ಸಿದ್ದಾಪುರದ ಕಡೆ ಹೋದರೆ ‘ಬೆಟ್ಟ’ದ ಅರ್ಥವೇ ಬೇರೆ. ಅಲ್ಲಿ ಅದು ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಕಾಡು. ನೆಲ ಸಮತಟ್ಟಾಗಿದ್ದರೂ ಬೆಟ್ಟವೇ. ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದ್ದು. ದನ ಮೇಯುವ ಹುಲ್ಲುಗಾವಲು ಬ್ಯಾಣ, ನಿತ್ಯಹಸಿರಿನ ದಟ್ಟ ಕಾಡು ಕಾನು.

ಪಹಣಿಯಲ್ಲಿ ಕಾಣುವ ತರಿ, ಖುಷ್ಕಿ, ಬಾಗಾಯ್ತು ಎಂಬ ಸರ್ಕಾರಿ ವಿಂಗಡಣೆಗೆ ಇಷ್ಟು ಸೂಕ್ಷ್ಮ ಎಲ್ಲಿಯದು? ಗದ್ದೆ ಹೋಗಿ ಮನೆಗಳೆದ್ದ ಕರಾವಳಿಯ ಊರುಗಳಲ್ಲೂ ಬೆಟ್ಟು, ಮಜಲು, ಬೈಲು ಎಂಬ ಹೆಸರುಗಳು ಉಳಿದಿವೆ. ನಿವೇಶನ ಕೊಳ್ಳುವವರು ಜಾಗದ ಹಳೆಯ ಹೆಸರನ್ನೊಮ್ಮೆ ವಿಚಾರಿಸಬೇಕು; ಬೈಲು ಎಂದಿದ್ದರೆ ಆಷಾಢದ ನೀರು ಅಲ್ಲಿಗೆ ಬಂದೇ ಬರುತ್ತದೆ.