ಕೆರೆಯಂಗಳದ ಕೆಳಗೊಂದು ನಿಲ್ದಾಣ

ಬೆಂಗಳೂರಿನಲ್ಲಿ ‘ನಾಡಪ್ರಭು ಕೆಂಪೇಗೌಡ ಮೆಟ್ರೋ ನಿಲ್ದಾಣ’ ಎಂದು ಪೂರ್ತಿ ಹೆಸರು ಹೇಳಿ ದಾರಿ ಕೇಳಿದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅದು ಮೆಜೆಸ್ಟಿಕ್, ಈಗ ಇಲ್ಲದ ಚಿತ್ರಮಂದಿರವೊಂದರ ಹೆಸರು. ಆದರೂ ಈ ಜಾಗಕ್ಕೆ ಅಧಿಕೃತ ಹೆಸರೇ ಹೆಚ್ಚು ಒಪ್ಪುತ್ತದೆ. ಯಾಕೆ ಒಪ್ಪುತ್ತದೆ ಎಂಬುದು ಮಾತ್ರ ನಿಲ್ದಾಣದೊಳಗೆ ನನ್ನ ಕಣ್ಣಿಗೆ ಎಲ್ಲೂ ಬಿದ್ದಿಲ್ಲ. ನನ್ನ ತಕರಾರು ಅಷ್ಟೇ.

ಈ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಹದಿನಾರನೆಯ ಶತಮಾನದಲ್ಲಿ ಪೇಟೆ ಕಟ್ಟಿದ ಕೆಂಪೇಗೌಡರೇ ಈ ಕೆರೆಯನ್ನೂ ಕಟ್ಟಿಸಿದರೆಂಬುದು ಊರು ನಂಬಿಕೊಂಡು ಬಂದ ಚರಿತ್ರೆ. ಪೇಟೆಯ ಜನ ಇದರ ನೀರು ಕುಡಿದರು. ಮುಂದೆ ಎದುರಿಗೆ ರೈಲು ನಿಲ್ದಾಣ ಬಂತು, ಸುತ್ತಲೂ ಮನೆಗಳೆದ್ದವು, ಕೆರೆಗೆ ನೀರು ಹರಿದು ಬರುವ ದಾರಿಗಳು ಮುಚ್ಚಿಹೋದವು. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಊರಿಗೆ ಬಂದ ಮೇಲೆ ಇಂಥ ಕೆರೆಗಳ ಹಂಗೂ ತೀರಿತು. ಬತ್ತಿದ ಅಂಗಳ ಮೈದಾನವಾಯಿತು, ಆಮೇಲೆ ಬಸ್ ನಿಲ್ದಾಣವಾಯಿತು. ಕೆರೆ ಏರಿಯ ನೆನಪು ಹತ್ತಿರದ ಟ್ಯಾಂಕ್ ಬಂಡ್ ರಸ್ತೆಯ ಹೆಸರಿನಲ್ಲಷ್ಟೇ ಉಳಿದಿದೆ.

ಆ ಬಸ್ ನಿಲ್ದಾಣದ ಪಕ್ಕದ ನೆಲವನ್ನು ಮೇಲಿನಿಂದಲೇ ಅಗೆದು, ಒಳಗೆ ಕಟ್ಟಿ, ಮತ್ತೆ ಮುಚ್ಚಿದ್ದು ಈ ಮೆಟ್ರೋ ನಿಲ್ದಾಣ. 2016ರ ಏಪ್ರಿಲ್‌ನಲ್ಲಿ ನೇರಳೆ ಮಾರ್ಗ, 2017ರ ಜೂನ್‌ನಲ್ಲಿ ಹಸಿರು ಮಾರ್ಗ ಇಲ್ಲಿ ಓಡತೊಡಗಿದವು. ಉತ್ತರ-ದಕ್ಷಿಣದ ಸುರಂಗಗಳನ್ನು ಕೊರೆದ ಯಂತ್ರಗಳಿಗೆ ಇಟ್ಟ ಹೆಸರು ಕಾವೇರಿ, ಕೃಷ್ಣಾ, ಗೋದಾವರಿ. ನದಿಗಳೆಲ್ಲ ನೆನಪಾದವು, ಕಾಲಡಿಯ ಕೆರೆಯೊಂದು ಬಿಟ್ಟು.

ಓಡಾಟದ ದೃಷ್ಟಿಯಿಂದ ಇದು ಜಾಣ ವಿನ್ಯಾಸ ಎಂಬುದರಲ್ಲಿ ಅನುಮಾನವಿಲ್ಲ. ನೇರಳೆ ಮಾರ್ಗದ ಪ್ಲಾಟ್‌ಫಾರಂನ ಕೆಳಗೆ ಹಸಿರು ಮಾರ್ಗದ್ದು ಅಡ್ಡಲಾಗಿದೆ. ಹೊರಗೆ ಹೋಗದೆ, ರಸ್ತೆ ದಾಟದೆ, ಎಸ್ಕಲೇಟರ್‌ನಲ್ಲಿ ಇಳಿದರೆ ಪೂರ್ವ-ಪಶ್ಚಿಮದ ಪ್ರಯಾಣ ಉತ್ತರ-ದಕ್ಷಿಣಕ್ಕೆ ತಿರುಗುತ್ತದೆ. ಬಹುಕಾಲ ನಗರದ ಎರಡು ಮಾರ್ಗಗಳು ಕೂಡುತ್ತಿದ್ದದ್ದು ಇಲ್ಲೊಂದೇ ಕಡೆ. ಸಂಜೆಯ ನೂಕುನುಗ್ಗಲನ್ನು ಅದು ತಾಳಿಕೊಂಡ ಬಗೆಯನ್ನು ಮೆಚ್ಚಲೇಬೇಕು.

ಆದರೆ ಆ ಗೋಡೆ, ಕಂಬ, ಉಕ್ಕಿನ ಕೈಹಿಡಿಗಳನ್ನು ಎತ್ತಿಕೊಂಡು ಹೋಗಿ ಬೇರೆ ಯಾವ ಊರಿನಲ್ಲಿಟ್ಟರೂ ನಡೆಯುತ್ತದೆ. ನಾವು ಎಲ್ಲಿದ್ದೇವೆಂದು ಹೇಳುವುದು ಫಲಕ ಮತ್ತು ದನಿ ಮಾತ್ರ. 2024ರಲ್ಲಿ ತೀರಿಕೊಂಡ ಅಪರ್ಣಾ ಅವರು ಮೆಟ್ರೋಗೆ ಕೊಟ್ಟ ಕನ್ನಡದ ದನಿ ಎಷ್ಟು ಸ್ಪಷ್ಟ, ಎಷ್ಟು ಆಪ್ತ! ಊರಿನ ಹೆಸರುಗಳನ್ನು ಅಷ್ಟು ಚೆನ್ನಾಗಿ ನುಡಿಸಬಲ್ಲ ವ್ಯವಸ್ಥೆಗೆ ಒಂದು ಹೆಸರಿನ ಹಿಂದಿನ ಕಥೆ ಹೇಳುವುದು ಕಷ್ಟವೇ?

ಬೇರೆ ಕಡೆ ಇದು ಆಗಿದೆ. ಅಥೆನ್ಸ್‌ನಲ್ಲಿ 2000ದಲ್ಲಿ ತೆರೆದ ಸಿಂಟಾಗ್ಮಾ ಮೆಟ್ರೋ ನಿಲ್ದಾಣಕ್ಕಾಗಿ ಅಗೆದಾಗ ಪ್ರಾಚೀನ ಸಮಾಧಿಗಳು, ನೀರು ಸಾಗಿಸುತ್ತಿದ್ದ ಮಣ್ಣಿನ ಕೊಳವೆಗಳು ಸಿಕ್ಕವು. ನೆಲದ ಪದರಗಳನ್ನು ಗಾಜಿನ ಹಿಂದೆ ಗೋಡೆಯಾಗಿ ನಿಲ್ಲಿಸಿ, ಇಂಥವನ್ನು ಅಲ್ಲಿ ತೋರಿಸಿದ್ದಾರೆ. ಕೆಲಸಕ್ಕೆ ಹೋಗುವವರು ಟಿಕೆಟ್ ಮ್ಯೂಸಿಯಂ ಯಾವುದೂ ಇಲ್ಲದೆ ತಮ್ಮ ಊರಿನ ಆಳವನ್ನು ನೋಡಿಕೊಂಡೇ ಹೋಗುತ್ತಾರೆ.

ನಮ್ಮಲ್ಲಿ ತೋರಿಸಲು ಅಮೃತಶಿಲೆ ಇಲ್ಲ, ಇದ್ದದ್ದು ಕೆಸರು ಎನ್ನಬಹುದು. ನಿಲ್ದಾಣದ ಕೆಲಸ ಜನರನ್ನು ಸಾಗಿಸುವುದು, ಪಾಠ ಹೇಳುವುದಲ್ಲ ಎಂದೂ ಅನ್ನಬಹುದು. ಒಪ್ಪುತ್ತೇನೆ. ನಾನು ಕೇಳುವುದು ಎಸ್ಕಲೇಟರ್ ಪಕ್ಕದ ಗೋಡೆಯ ಮೇಲೆ ಒಂದು ಗೆರೆಯನ್ನು. ಕೆರೆಯ ತಳ ಇದ್ದ ಮಟ್ಟದಲ್ಲಿ ಒಂದು ನೀಲಿ ಗೆರೆ, ಪಕ್ಕದಲ್ಲಿ ‘ಧರ್ಮಾಂಬುಧಿ’ ಎಂಬ ನಾಲ್ಕಕ್ಷರ. ಇಳಿಯುವವರು ಹೇಗೂ ಅಲ್ಲಿ ಅರೆನಿಮಿಷ ಸುಮ್ಮನೆ ನಿಂತಿರುತ್ತಾರೆ.

ಇದು ಅಲಂಕಾರದ ಮಾತಲ್ಲ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್‌ಗೆ ಕಾದ ಊರು ನಮ್ಮದು. ಮಳೆ ಬಂದರೆ ರಸ್ತೆಗಳಲ್ಲಿ ಮುಳುಗುವುದೂ ಇದೇ ಊರು. ಕೆರೆ ಎಲ್ಲಿತ್ತೆಂದು ಮರೆತವರಿಗೆ ಇವೆರಡೂ ದೈವದ ಆಟದಂತೆ ಕಾಣುತ್ತವೆ. ಕೆರೆ ಕಟ್ಟಿಸಿದವನ ಹೆಸರನ್ನು ನಿಲ್ದಾಣಕ್ಕಿಟ್ಟು ಕೆರೆಯ ಹೆಸರನ್ನು ಬಿಟ್ಟರೆ, ಅದು ಅರ್ಧ ಗೌರವವಷ್ಟೇ.