ಅಗಸ್ಟೀನನ ‘ಕನ್ಫೆಷನ್ಸ್’ ಮತ್ತು ಅಖಂಡ ಸಮರ್ಪಣೆ

ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ಪನಾದ ಸಂತ ಅಗಸ್ಟೀನನು ಕ್ರಿ. ಶ. 400ರ ಸುಮಾರಿಗೆ ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ‘ಕನ್ಫೆಷನ್ಸ್’ 13 ಭಾಗಗಳ ಗ್ರಂಥ. ದೇವರಿಗೆ ಪೂರ್ಣಮನಸ್ಸಿನಿಂದ ತನ್ನನ್ನು ಅರ್ಪಿಸಿಕೊಳ್ಳುವುದೆಂದರೇನು ಎಂಬುದನ್ನು ವಿಮರ್ಶಕರು ಸಾಮಾನ್ಯವಾಗಿ ಇದರ ಎಂಟನೆಯ ಭಾಗದಲ್ಲಿ ಅರಸುವುದುಂಟು. 386ರಲ್ಲಿ ಮಿಲಾನಿನ ಉದ್ಯಾನವೊಂದರಲ್ಲಿ ಆತನ ಇಬ್ಬಗೆಯ ಸಂಕಲ್ಪವು ಒಂದಾಯಿತು. ಮರುವರ್ಷ ಆಂಬ್ರೋಸನಿಂದ ದೀಕ್ಷಾಸ್ನಾನವಾಯಿತು. ಆದರೆ ಸಮರ್ಪಣೆಯ ಕಥೆ ಅಲ್ಲಿಗೆ ಮುಗಿಯಿತೆಂಬ ಅಭಿಪ್ರಾಯವು ಒಪ್ಪತಕ್ಕುದಲ್ಲ. ಬಿಷಪ್ಪನಾದ ಮೇಲೂ ತನ್ನನ್ನು ಕಾಡುತ್ತಿದ್ದ ಕನಸುಗಳನ್ನೂ ಊಟದ ಆಸೆಯನ್ನೂ ಹೊಗಳಿಕೆಯ ಹಂಬಲವನ್ನೂ ಹತ್ತನೆಯ ಭಾಗದಲ್ಲಿ ಆತನೇ ಒಪ್ಪಿಕೊಂಡಿದ್ದಾನೆ.

ಇದಕ್ಕಿಂತಲೂ ವಿಚಾರಾರ್ಹವಾದುದು ಆರನೆಯ ಭಾಗದ ಒಂದು ಕಿರು ಪ್ರಸಂಗ. ಅನೇಕ ವರ್ಷ ಆತನೊಡನೆ ಬಾಳಿ, ಅಡಿಯೊಡೇಟಸ್ ಎಂಬ ಮಗನನ್ನು ಹೆತ್ತ ಸಂಗಾತಿಯನ್ನು, ಬೇರೊಂದು ವಿವಾಹಸಂಬಂಧ ಗೊತ್ತಾದ ಕಾರಣ ದೂರಮಾಡಲಾಯಿತು. ಆಕೆ ಮಗನನ್ನು ಬಿಟ್ಟು, ಇನ್ನು ಪರಪುರುಷನನ್ನು ಅರಿಯೆನೆಂದು ದೇವರಲ್ಲಿ ಹರಕೆಹೊತ್ತು, ಆಫ್ರಿಕಕ್ಕೆ ಹಿಂತಿರುಗಿದಳು. ವಧು ಪ್ರಾಯಕ್ಕೆ ಬರಲು ಎರಡು ವರ್ಷ ಕಾಯಲಾರದೆ ಅಗಸ್ಟೀನನು ಮತ್ತೊಬ್ಬಳನ್ನು ಕೂಡಿಕೊಂಡನು. ಆಕೆಯನ್ನು ಅನುಸರಿಸುವ ಶಕ್ತಿ ತನಗಿರಲಿಲ್ಲವೆಂದು ಆತನೇ ಬರೆದಿದ್ದಾನೆ.

ಹೀಗೆ ಈ ಗ್ರಂಥದಲ್ಲಿ ಕಥಾನಾಯಕನಿಗಿಂತ ಮೊದಲೇ ಒಂದೇ ಮನಸ್ಸಿನ ಹರಕೆಯನ್ನು ಹೊತ್ತವಳು ಈಕೆ. ಆ ಹರಕೆ ಸ್ವೇಚ್ಛೆಯದೋ, ಬೇರೆ ದಾರಿಯಿಲ್ಲದುದರ ಫಲವೋ ಎಂಬುದನ್ನು ನಿರ್ಧರಿಸಲು ಆಕೆಯ ಮಾತು ನಮಗೆ ಉಳಿದುಬಂದಿಲ್ಲ. ತನಗೆ ಪ್ರತಿಕೂಲವಾದ ಸಾಕ್ಷ್ಯವನ್ನು ಮರೆಮಾಡದಿದ್ದುದು ಅಗಸ್ಟೀನನ ಪ್ರಾಮಾಣಿಕತೆ. ಆಕೆಯ ಹೆಸರನ್ನು ಬರೆಯದೆ ಹೋದುದು ಗ್ರಂಥದ ಕೊರತೆ. ಚರಿತ್ರೆಯ ವಿದ್ಯಾರ್ಥಿಯು ಎರಡನ್ನೂ ಗಮನಿಸಬೇಕು.