ಇಬ್ಬರು ವಿನ್‌ಸ್ಟನ್ ಚರ್ಚಿಲ್ಲರು

ಹಲವು ವರ್ಷಗಳ ಕೆಳಗೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳ ರಾಶಿಯನ್ನು ಕೆದಕುತ್ತಿದ್ದಾಗ ಅಂಚು ಸವೆದ ದಪ್ಪನೆಯ ಗ್ರಂಥವೊಂದು ಕೈಗೆ ಸಿಕ್ಕಿತು. ಬೆನ್ನಿನ ಮೇಲೆ ‘ದಿ ಕ್ರೈಸಿಸ್’ ಎಂದೂ ಅದರ ಕೆಳಗೆ ವಿನ್‌ಸ್ಟನ್ ಚರ್ಚಿಲ್ ಎಂದೂ ಅಚ್ಚಾಗಿತ್ತು. ಇಂಗ್ಲೆಂಡಿನ ಚರ್ಚಿಲ್ ಮೊದಲ ಮಹಾಯುದ್ಧವನ್ನು ಕುರಿತು ‘ದಿ ವರ್ಲ್ಡ್ ಕ್ರೈಸಿಸ್’ ಎಂಬ ಹಲವು ಸಂಪುಟಗಳನ್ನು ಬರೆದಿದ್ದನೆಂಬುದು ನನಗೆ ಗೊತ್ತಿತ್ತು. ಇದು ಅದರದೇ ಒಂದು ಭಾಗವಿರಬೇಕೆಂದುಕೊಂಡೆ. ಅಂಗಡಿಯವನೂ ಹಾಗೆಯೇ ತಿಳಿದಿದ್ದ. “ದೊಡ್ಡ ಮನುಷ್ಯನ ಪುಸ್ತಕ ಸ್ವಾಮಿ, ಇದಕ್ಕೆ ಚೌಕಾಸಿ ಬೇಡಿ” ಎಂದು ಬೆಲೆಯಲ್ಲಿ ಒಂದು ಕಾಸನ್ನೂ ಬಿಡಲಿಲ್ಲ.

ಮನೆಗೆ ಬಂದು ಬಿಚ್ಚಿ ನೋಡಿದರೆ ಅದು ಕಾದಂಬರಿ. ಅಮೆರಿಕದ ಅಂತರ್ಯುದ್ಧದ ಕಥೆ. ಸೇಂಟ್ ಲೂಯಿ ನಗರ, ಗುಲಾಮರ ಹರಾಜು, ಅಬ್ರಹಾಂ ಲಿಂಕನ್. ಚರ್ಚಿಲ್ ತಾರುಣ್ಯದಲ್ಲಿ ಕಾದಂಬರಿಗೂ ಕೈಹಾಕಿದ್ದನೆಂದು ಎಲ್ಲಿಯೋ ಓದಿದ್ದ ನೆನಪಿದ್ದುದರಿಂದ ನನಗೇನೂ ಅನುಮಾನ ಬರಲಿಲ್ಲ. ಪೆನ್ಸಿಲ್ ಹಿಡಿದು, ಅಂಚಿನಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತ ಭಕ್ತಿಯಿಂದ ಓದಿ ಮುಗಿಸಿದೆ. ಆಮೇಲೆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಸ್ನೇಹಿತರೊಬ್ಬರಿಗೆ ತೋರಿಸಿದಾಗ ಅವರು ಶೀರ್ಷಿಕೆ ಪುಟವನ್ನು ತಿರುವಿ ನಕ್ಕುಬಿಟ್ಟರು. “ನಡುವೆ ಎಸ್ ಎಲ್ಲಿದೆ ಮಾರಾಯರೇ? ಇವನು ಬೇರೆ ಚರ್ಚಿಲ್” ಎಂದರು.

ಇವನು ಬೇರೆ ಚರ್ಚಿಲ್ಲೇ ಸರಿ. 1871ರ ನವೆಂಬರಿನಲ್ಲಿ ಅದೇ ಸೇಂಟ್ ಲೂಯಿಯಲ್ಲಿ ಹುಟ್ಟಿದವನು. ಅಮೆರಿಕದ ನೌಕಾ ಅಕಾಡೆಮಿಯಲ್ಲಿ ಓದಿ 1894ರಲ್ಲಿ ಹೊರಬಂದು, ನೌಕಾಪಡೆಯನ್ನು ಬಿಟ್ಟು ಲೇಖನಿ ಹಿಡಿದವನು. ಆಂಗ್ಲ ಚರ್ಚಿಲ್ ಹುಟ್ಟಿದ್ದು ಮೂರು ವರ್ಷ ತಡವಾಗಿ, ಅದೂ ನವೆಂಬರಿನಲ್ಲಿಯೇ. ಬಸವನಗುಡಿಯ ಯಾವುದಾದರೂ ರಸ್ತೆಯಲ್ಲಿ ನಿಂತು “ಕೃಷ್ಣಮೂರ್ತಿ” ಎಂದು ಕೂಗಿದರೆ ನಾಲ್ಕು ಮನೆಯ ಬಾಗಿಲು ತೆರೆದೀತು; ಅದರಲ್ಲಿ ವಿಶೇಷವಿಲ್ಲ. ವಿನ್‌ಸ್ಟನ್ ಚರ್ಚಿಲ್ ಎಂಬುದು ಹಾಗಲ್ಲ. ವಿನ್‌ಸ್ಟನ್ ಎಂಬುದು ಮೂಲದಲ್ಲಿ ಇಟ್ಟ ಹೆಸರೇ ಅಲ್ಲ, ಮನೆತನದ ಹೆಸರು. ಹದಿನೇಳನೆಯ ಶತಮಾನದಲ್ಲಿ ಸಾರಾ ವಿನ್‌ಸ್ಟನ್ ಎಂಬಾಕೆ ಚರ್ಚಿಲ್ ಮನೆಗೆ ಸೊಸೆಯಾಗಿ ಬಂದು, ತನ್ನ ಮಗನಿಗೆ ತವರಿನ ಹೆಸರನ್ನಿಟ್ಟಳು. ಆ ಮೊದಲನೆಯ ಸರ್ ವಿನ್‌ಸ್ಟನ್ ಚರ್ಚಿಲ್ (1620–1688) ಕೂಡ ಗ್ರಂಥಕರ್ತನೇ. 1675ರಲ್ಲಿ ಬ್ರಿಟನ್ನಿನ ರಾಜರ ಚರಿತ್ರೆಯೊಂದನ್ನು ಪ್ರಕಟಿಸಿದ. ಈಗ ಅದನ್ನು ಓದುವವರು ಯಾರೂ ಇಲ್ಲವೆನ್ನಬಹುದು. ಇಂಥ ಅಪರೂಪದ ಜೋಡಿ ಹೆಸರು ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ, ಒಂದೇ ಪೀಳಿಗೆಯ ಇಬ್ಬರಿಗೆ ಬಿದ್ದು, ಆ ಇಬ್ಬರೂ ಬರೆಹಗಾರರಾಗಿ, ಒಂದೇ ವರ್ಷ ಇಬ್ಬರ ಕಾದಂಬರಿಯೂ ಓದುಗರ ಎದುರಿಗೆ ಬಂದದ್ದು ಸೋಜಿಗದ ಸಂಗತಿ.

ಆ ವರ್ಷ 1899. ಆಂಗ್ಲ ಚರ್ಚಿಲ್ಲನ ‘ಸಾವ್ರೋಲಾ’ ಮ್ಯಾಕ್‌ಮಿಲನ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಅದರ ಬೇರು ನಮ್ಮ ಊರಿನಲ್ಲಿದೆ. 1896ರ ಅಕ್ಟೋಬರಿನಲ್ಲಿ ನಾಲ್ಕನೆಯ ಹುಸಾರ್ ಅಶ್ವದಳದೊಂದಿಗೆ ಬೆಂಗಳೂರಿನ ದಂಡಿಗೆ ಬಂದಿಳಿದ ಈ ಯುವಕ ಬೆಳಗ್ಗೆ ಕವಾಯತು, ಸಂಜೆ ಪೋಲೋ ಮುಗಿಸಿ, ನಡುಹಗಲಿನ ಬಿಡುವಿನಲ್ಲಿ ಗಿಬ್ಬನ್ನನನ್ನೂ ಮೆಕಾಲೆಯನ್ನೂ ಓದಿದ. ಆ ಓದಿನ ಕಾವಿನಲ್ಲಿಯೇ ಕಾದಂಬರಿಯನ್ನೂ ಆರಂಭಿಸಿದ. ಅಷ್ಟರಲ್ಲಿ ಅವನಿಗೆ ತಿಳಿದುಬಂದ ಸುದ್ದಿ: ‘ರಿಚರ್ಡ್ ಕಾರ್ವೆಲ್’ ಎಂಬ ಹೊಸ ಕಾದಂಬರಿ ಬರುತ್ತಲಿದೆ, ಕರ್ತೃ ವಿನ್‌ಸ್ಟನ್ ಚರ್ಚಿಲ್!

1899ರ ಜೂನ್ 7ರಂದು ಲಂಡನ್ನಿನಿಂದ ಆತ ಬರೆದ ಕಾಗದ ಇಂಗ್ಲಿಷ್ ಸೌಜನ್ಯಕ್ಕೊಂದು ಮಾದರಿ. ಶ್ರೀಮಾನ್ ವಿನ್‌ಸ್ಟನ್ ಚರ್ಚಿಲ್ಲರು ಶ್ರೀಮಾನ್ ವಿನ್‌ಸ್ಟನ್ ಚರ್ಚಿಲ್ಲರಿಗೆ ವಂದಿಸಿ, ಇಬ್ಬರಿಗೂ ಸಂಬಂಧಪಟ್ಟ ವಿಷಯವೊಂದನ್ನು ಅರಿಕೆ ಮಾಡಿಕೊಳ್ಳುತ್ತಾರೆ ಎಂಬ ಧಾಟಿಯಲ್ಲಿ, ಕೊನೆಯವರೆಗೂ ಪ್ರಥಮಪುರುಷದಲ್ಲಿಯೇ ನಡೆಯುವ ಪತ್ರ. ತೀರ್ಮಾನವೇನೆಂದರೆ, ಇನ್ನು ಮುಂದೆ ತಾನು ತನ್ನ ಪುಸ್ತಕಗಳಿಗೆ ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್ ಎಂದು ರುಜು ಹಾಕುವುದು. ಅಮೆರಿಕದವನೂ ಅದೇ ಧಾಟಿಯಲ್ಲಿ ಉತ್ತರ ಕೊಟ್ಟ: ಶ್ರೀಮಾನ್ ಚರ್ಚಿಲ್ಲರು ಕೃತಜ್ಞರಾಗಿದ್ದಾರೆ, ತಮಗೂ ನಡುವೆ ಒಂದು ಹೆಸರಿದ್ದಿದ್ದರೆ ಖಂಡಿತ ಬಳಸಿಕೊಳ್ಳುತ್ತಿದ್ದರು, ಆದರೆ ಇಲ್ಲ. ಹೀಗೆ ‘ಎಸ್’ ಎಂಬ ಒಂದು ಅಕ್ಷರ ಆಂಗ್ಲ ಚರ್ಚಿಲ್ಲನ ಹೆಸರಿನ ನಡುವೆ ಬಂದು ಕುಳಿತು, ಕೊನೆಯ ಪುಸ್ತಕದವರೆಗೂ ಉಳಿಯಿತು. ಗಮನಿಸಬೇಕಾದದ್ದೆಂದರೆ, ಅಂದು ದಾರಿ ಬಿಟ್ಟುಕೊಟ್ಟವನು ಮುಂದೆ ಲೋಕಪ್ರಸಿದ್ಧನಾದವನು. ಆಗ ಹೆಸರು ಅಮೆರಿಕದವನದು.

(ಅದೇ 1899ರ ಜೂನ್ ತಿಂಗಳಲ್ಲಿಯೇ ಬೆಂಗಳೂರಿನ ಕ್ಲಬ್ಬಿನವರು ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ ಲೆಫ್ಟಿನೆಂಟ್ ಡಬ್ಲ್ಯು. ಎಲ್. ಎಸ್. ಚರ್ಚಿಲ್ಲನ ಹೆಸರಿನ ಮುಂದೆ ಹದಿಮೂರು ರೂಪಾಯಿ ಎಂದು ಬರೆದುಕೊಂಡರು. ಅಲ್ಲಿ ಮೂರು ಅಕ್ಷರಗಳೂ ಇವೆ. ಸಾಲಗಾರನ ವಿಷಯದಲ್ಲಿ ಗೊಂದಲಕ್ಕೆ ಎಡೆಯಿಲ್ಲ.)

ಅಕ್ಷರವೊಂದು ಸೇರಿದ ಮಾತ್ರಕ್ಕೆ ಗೊಂದಲ ನಿಲ್ಲಲಿಲ್ಲ. 1900ರ ಡಿಸೆಂಬರಿನಲ್ಲಿ ಆಂಗ್ಲ ಚರ್ಚಿಲ್ ಉಪನ್ಯಾಸ ಯಾತ್ರೆಗೆಂದು ಬಾಸ್ಟನ್ನಿಗೆ ಹೋದಾಗ ಇನ್ನೊಬ್ಬ ಚರ್ಚಿಲ್ ಔತಣವಿತ್ತು ಸತ್ಕರಿಸಿದ. ಪರಸ್ಪರ ಹೊಗಳಿಕೆಯ ಭಾಷಣಗಳೂ ಆದವು. ಆದರೆ ತನ್ನ ಟಪಾಲೆಲ್ಲ ಅವನ ವಿಳಾಸಕ್ಕೆ ಹೋಯಿತೆಂದೂ, ಔತಣದ ಬಿಲ್ಲು ಮಾತ್ರ ತನಗೆ ಬಂತೆಂದೂ ಅತಿಥಿಯೇ ಆಮೇಲೆ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ನೀನೂ ರಾಜಕೀಯಕ್ಕೆ ಇಳಿ, ನಾನು ಇಂಗ್ಲೆಂಡಿನ ಪ್ರಧಾನಿಯಾಗಿರುವಾಗ ನೀನು ಅಮೆರಿಕದ ಅಧ್ಯಕ್ಷನಾಗಿದ್ದರೆ ಬಹಳ ಮಜವಾಗಿರುತ್ತದೆ ಎಂದು ಆಗ ಹೇಳಿದನಂತೆ. ಅಮೆರಿಕದವನು ಇಳಿದದ್ದೂ ಉಂಟು. ನ್ಯೂ ಹ್ಯಾಂಪ್‌ಷೈರಿನ ಶಾಸನಸಭೆಗೆ ಎರಡು ಸಲ ಆರಿಸಿಬಂದ; 1906ರಲ್ಲಿ ಗವರ್ನರ್ ಸ್ಥಾನಕ್ಕೆ ಪಕ್ಷದ ಟಿಕೆಟ್ಟು ಕೈತಪ್ಪಿತು; 1912ರಲ್ಲಿ ಸ್ಪರ್ಧಿಸಿ ಸೋತ. ಅಧ್ಯಕ್ಷ ಪದವಿಗೆ ಅವನು ಹತ್ತಿರವಾದದ್ದು ಒಂದೇ ರೀತಿಯಲ್ಲಿ: ಕಾರ್ನಿಷ್ ಎಂಬಲ್ಲಿದ್ದ ಅವನ ದೊಡ್ಡ ಮನೆಯನ್ನು ಅಧ್ಯಕ್ಷ ವುಡ್ರೋ ವಿಲ್ಸನ್ ಬೇಸಿಗೆಯ ಬಿಡಾರಕ್ಕೆ ಬಾಡಿಗೆ ಹಿಡಿದಿದ್ದ.

ಇನ್ನು ಕೃತಿಗಳ ವಿಚಾರ. ಹೆಸರಿನ ಕಥೆ ಎಷ್ಟು ಸ್ವಾರಸ್ಯವಾಗಿದ್ದರೂ ಸಾಹಿತ್ಯದ ಓದುಗನಿಗೆ ಅದು ಬಾಗಿಲು ಮಾತ್ರ.

‘ಸಾವ್ರೋಲಾ’ವನ್ನು ಓದಬೇಡಿರೆಂದು ತನ್ನ ಸ್ನೇಹಿತರಿಗೆ ಸದಾ ಹೇಳುತ್ತ ಬಂದಿದ್ದೇನೆ ಎಂದು ಅದರ ಕರ್ತೃವೇ ಒಪ್ಪಿಕೊಂಡಿದ್ದಾನೆ. ಲಾರೇನಿಯಾ ಎಂಬ ಕಲ್ಪಿತ ದೇಶ, ಅಲ್ಲಿ ಮೊಲಾರಾ ಎಂಬ ಸರ್ವಾಧಿಕಾರಿ, ಅವನ ಸುಂದರಿಯಾದ ಹೆಂಡತಿ ಲುಸೀಲ್, ಪ್ರಜಾನಾಯಕ ಸಾವ್ರೋಲಾ. ಶತ್ರುವಿನ ಗುಟ್ಟನ್ನು ಅರಿಯಲು ಗಂಡನೇ ಹೆಂಡತಿಯನ್ನು ಕಳಿಸುತ್ತಾನೆ, ಅವಳು ಶತ್ರುವಿಗೇ ಮನಸೋಲುತ್ತಾಳೆ. ಕ್ರಾಂತಿ, ಗುಂಡು, ಅರಮನೆಯ ಮೆಟ್ಟಿಲ ಮೇಲೆ ಸಾವು. ಹೆಂಗಸಿನ ಮನಸ್ಸು ಈ ಲೇಖಕನಿಗೆ ಸ್ವಲ್ಪವೂ ತಿಳಿಯದು. ಇದ್ದುದರಲ್ಲಿ ಜೀವವಿರುವ ಸ್ತ್ರೀಪಾತ್ರವೆಂದರೆ ನಾಯಕನ ಮುದಿ ದಾದಿ, ಏಕೆಂದರೆ ಅದು ಅವನನ್ನೇ ಸಾಕಿದ ದಾದಿಯ ನೆನಪು. ಆದರೂ ಸಾವ್ರೋಲಾ ಭಾಷಣಕ್ಕೆ ನಿಂತಾಗ ಪುಸ್ತಕ ಎದ್ದು ಕೂರುತ್ತದೆ. ಜನಸ್ತೋಮವನ್ನು ಹೇಗೆ ಕಾಯಿಸಬೇಕು, ಎಲ್ಲಿ ತಡೆಯಬೇಕು, ಯಾವ ಮಾತಿನಿಂದ ಸಿಡಿಸಬೇಕು ಎಂಬುದನ್ನು ಇಪ್ಪತ್ತೈದು ತುಂಬದ ಸೈನಿಕನೊಬ್ಬ ವೈಣಿಕನು ತಂತಿ ಬಲ್ಲಂತೆ ಬಲ್ಲ. ಆದರೆ ಆ ಸಮೂಹದಲ್ಲಿ ಒಬ್ಬ ಮನುಷ್ಯನ ಮುಖವೂ ಅವನಿಗೆ ಕಾಣುವುದಿಲ್ಲ. ಜನ ಅವನಿಗೆ ವಾದ್ಯ. ಈ ಕಣ್ಣಿಲ್ಲದಿರುವಿಕೆ ಕಾದಂಬರಿಗಷ್ಟೇ ಸೀಮಿತವಾಗಿದ್ದರೆ ಚೆನ್ನಾಗಿತ್ತು. 1943ರ ಬಂಗಾಳದ ಕ್ಷಾಮವನ್ನು ಬಲ್ಲ ನಮಗೆ ಆ ಪುಟಗಳನ್ನು ನಿರಾಳವಾಗಿ ಓದುವುದು ಕಷ್ಟ.

ಅಮೆರಿಕದ ಚರ್ಚಿಲ್ಲನ ಹಾದಿ ಬೇರೆ. ‘ರಿಚರ್ಡ್ ಕಾರ್ವೆಲ್’ ಸ್ವಾತಂತ್ರ್ಯಯುದ್ಧದ ಕಾಲದ ಸಾಹಸಕಥೆ. ಅಪಹರಣ, ಕಡಲಕಾಳಗ, ಲಂಡನ್ನಿನ ಜೂಜಾಟ ಎಲ್ಲವೂ ಉಂಟು, ಎಲ್ಲವೂ ತುಸು ಹೆಚ್ಚಾಗಿಯೇ ಉಂಟು. 1901ರ ‘ದಿ ಕ್ರೈಸಿಸ್’ ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾದಂಬರಿ. ಬಾಸ್ಟನ್ನಿನಿಂದ ಬಂದ ಸ್ಟೀಫನ್ ಬ್ರೈಸ್ ಎಂಬ ತರುಣ ವಕೀಲ ಹರಾಜಿನಲ್ಲಿ ಗುಲಾಮ ಹುಡುಗಿಯೊಬ್ಬಳನ್ನು ಕೊಂಡು, ಅವಳಿಗೆ ಬಿಡುಗಡೆ ಕೊಡುವ ಸನ್ನಿವೇಶ ಇಂದಿಗೂ ಮನಸ್ಸಿನಲ್ಲಿ ನಿಲ್ಲುವಂಥದು. ಉಳಿದಂತೆ ದಕ್ಷಿಣದ ಹೆಣ್ಣು, ಉತ್ತರದ ಗಂಡು, ನಡುವೆ ಯುದ್ಧ, ಕೊನೆಗೆ ಲಿಂಕನ್ನನ ಕೃಪೆಯಿಂದ ಮದುವೆ. ಮುಂದೇನೆಂದು ಓದುಗನು ನೂರು ಪುಟ ಮೊದಲೇ ಊಹಿಸಬಲ್ಲ.

ಅವನ ನಿಜವಾದ ಕಾದಂಬರಿ 1906ರ ‘ಕಾನಿಸ್ಟನ್’. ಇದನ್ನು ಕುರಿತು ಸ್ವಲ್ಪ ನಿಂತು ಹೇಳಬೇಕು. ಜೆತ್ರೋ ಬಾಸ್ ಎಂಬ ಚರ್ಮ ಹದಮಾಡುವವನು ಇದರ ನಾಯಕ. ಓದು ಕಡಮೆ, ಮಾತು ತೊದಲು. ಊರಿನ ರೈತರ ಜಮೀನುಗಳ ಅಡಮಾನಪತ್ರಗಳು ಒಂದೊಂದಾಗಿ ಅವನ ಕೈಸೇರುತ್ತವೆ. ಅದರೊಂದಿಗೆ ಅವರ ವೋಟುಗಳೂ ಸೇರುತ್ತವೆ. ಯಾರನ್ನೂ ಗದರಿಸುವುದಿಲ್ಲ, ಯಾರ ಮುಂದೆಯೂ ಭಾಷಣ ಮಾಡುವುದಿಲ್ಲ. ಊರನ್ನು ಹಿಡಿದವನು ಕ್ರಮೇಣ ಇಡೀ ಸಂಸ್ಥಾನವನ್ನೇ ಹಿಡಿಯುತ್ತಾನೆ. ರಾಜಧಾನಿಯ ಹೋಟೆಲೊಂದರ ಕೋಣೆಯಲ್ಲಿ ಆತ ಕುಳಿತಿದ್ದರೆ ಶಾಸಕರು ಬಂದು ಹೋಗುತ್ತಾರೆ. ಜನ ಅದನ್ನು ಸಿಂಹಾಸನದ ಕೋಣೆಯೆಂದೇ ಕರೆಯುತ್ತಾರೆ. ಅವನ ತೊದಲು ಕೂಡ ಒಂದು ಆಯುಧ. ಅವನು ಮಾತಿಗೆ ತಡವರಿಸುವಾಗ ಎದುರಿಗಿದ್ದವನು ತಾಳಲಾರದೆ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತಾನೆ. ಚುನಾವಣೆಗಳನ್ನು ಕಂಡ ನಮಗೆ ಈ ಮನುಷ್ಯ ಅಪರಿಚಿತನಲ್ಲ. ಯಾವ ಪಕ್ಷದ ಸಭೆಯಲ್ಲಿಯೂ ವೇದಿಕೆ ಹತ್ತದೆ, ಹಿಂದಿನ ಸಾಲಿನಲ್ಲಿ ಎಲೆಯಡಿಕೆ ಹಾಕಿಕೊಂಡು ಕುಳಿತಿರುವ, ಎಲ್ಲರೂ ಎದ್ದುನಿಂತು ಜಾಗ ಬಿಡುವ ಆ ವ್ಯಕ್ತಿಯನ್ನು ನಾವೆಲ್ಲ ನೋಡಿದ್ದೇವೆ.

ಲೇಖಕ ಅವನನ್ನು ಖಂಡಿಸಿ ಮುಗಿಸಿಬಿಡಬಹುದಾಗಿತ್ತು. ಹಾಗೆ ಮಾಡಿಲ್ಲ. ತಾನು ಪ್ರೀತಿಸಿದ್ದವಳ ಮಗಳು ಸಿಂಥಿಯಾಳನ್ನು ಜೆತ್ರೋ ಮಗಳಂತೆ ಸಾಕುತ್ತಾನೆ. ಆ ಹುಡುಗಿ ಒಂದು ದಿನ ವೃತ್ತಪತ್ರಿಕೆಯೊಂದನ್ನು ಓದಿ, ತನ್ನನ್ನು ಸಲಹಿದವನು ಎಂಥವನೆಂದು ತಿಳಿಯುತ್ತಾಳೆ. ಅವಳು ಜಗಳವಾಡುವುದಿಲ್ಲ, ಅವನನ್ನು ತೊರೆಯುವುದೂ ಇಲ್ಲ. ಆದರೆ ಆ ಮುಖವನ್ನು ನೋಡಿದ ಮೇಲೆ ಜೆತ್ರೋವಿಗೆ ಅಧಿಕಾರ ರುಚಿಸದಾಗುತ್ತದೆ. ಕೊನೆಯಲ್ಲಿ ಅವಳ ಮದುವೆಗಾಗಿ, ಗೆಲ್ಲುವ ಪಂದ್ಯವನ್ನೇ ಅವನು ಶತ್ರುವಿಗೆ ಬಿಟ್ಟುಕೊಡುತ್ತಾನೆ. ಅಂದರೆ ಅವನ ತ್ಯಾಗವೂ ಒಂದು ವ್ಯಾಪಾರವೇ, ಹಳೆಯ ವಿದ್ಯೆಯೇ. ಈ ವಕ್ರತೆಯನ್ನು ಲೇಖಕ ಕಂಡು, ವ್ಯಾಖ್ಯಾನ ಮಾಡದೆ ಬಿಟ್ಟಿರುವುದು ದೊಡ್ಡ ಗುಣ. ಅಲ್ಲಲ್ಲಿ ಕಥೆಯನ್ನು ನಿಲ್ಲಿಸಿ ಓದುಗನೊಡನೆ ಹರಟುವ ಚಟ ಇಲ್ಲದಿದ್ದರೆ ಇದು ಇನ್ನೂ ಮೇಲಾಗುತ್ತಿತ್ತು. ಆದರೂ ರಾಜಕಾರಣವನ್ನು ಅರಿಯಬೇಕೆನ್ನುವವರಿಗೆ, ಪ್ರಧಾನಿಯಾಗಲಿದ್ದವನ ಕಾದಂಬರಿಗಿಂತ ಗವರ್ನರನೂ ಆಗಲಾರದೆ ಹೋದವನ ಕಾದಂಬರಿಯನ್ನೇ ನಾನು ಕೈಗೆ ಕೊಡುತ್ತೇನೆ.

ಹಾಗಾದರೆ ಅವನು ಮರೆತುಹೋದದ್ದೇಕೆ? ಇನ್ನೊಬ್ಬನ ಕೀರ್ತಿ ಅವನನ್ನು ನುಂಗಿತೆಂದು ಹೇಳುವುದು ವಾಡಿಕೆ. ಇದು ಅರ್ಧ ಸತ್ಯ. ಅವನ ಕೊನೆಯ ಕಾದಂಬರಿ ಬಂದದ್ದು 1917ರಲ್ಲಿ. ಆಮೇಲೆ ತಾನಾಗಿಯೇ ಕಥೆ ಬರೆಯುವುದನ್ನು ನಿಲ್ಲಿಸಿ ಚಿತ್ರ ಬರೆಯುವುದಕ್ಕೆ ತೊಡಗಿದ, ಧರ್ಮಜಿಜ್ಞಾಸೆಯಲ್ಲಿ ಮುಳುಗಿದ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೌನದ ಮೇಲೆ ಧರ್ಮವನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದ. ಆ ವರ್ಷ ಯಾವುದು? 1940! ವಿನ್‌ಸ್ಟನ್ ಚರ್ಚಿಲ್ ಎಂಬ ಹೆಸರನ್ನು ಜಗತ್ತಿನ ರೇಡಿಯೋಗಳೆಲ್ಲ ಉಚ್ಚರಿಸುತ್ತಿದ್ದ ವರ್ಷ. ಆ ಹೆಸರನ್ನು ಹೊತ್ತ ಧರ್ಮಗ್ರಂಥವನ್ನು ಯಾರು ಬಿಚ್ಚಿ ನೋಡಿಯಾರು? 1947ರಲ್ಲಿ ಅವನು ತೀರಿಕೊಂಡ. 1953ರಲ್ಲಿ ಸಾಹಿತ್ಯದ ನೊಬೆಲ್ ಬಹುಮಾನ ವಿನ್‌ಸ್ಟನ್ ಚರ್ಚಿಲ್ಲನಿಗೆ ಬಂತು, ಕಾದಂಬರಿಕಾರನಿಗಲ್ಲ.

ಈಗ ನನ್ನ ಹಳೆಯ ಪ್ರತಿಗೆ ಬರುತ್ತೇನೆ. ಸ್ನೇಹಿತರು ನಕ್ಕುಹೋದ ಮೇಲೆ ನಾನು ಅಂಚಿನ ಟಿಪ್ಪಣಿಗಳನ್ನು ತಿರುವಿ ನೋಡಿದೆ. ಲಿಂಕನ್ ಬರುವ ಪುಟದಲ್ಲಿ ‘ಅಧಿಕಾರವನ್ನು ಒಳಗಿನಿಂದ ಕಂಡವನ ಮಾತು’ ಎಂದು ಬರೆದಿದ್ದೆ. ಯುದ್ಧವರ್ಣನೆಯ ಪಕ್ಕದಲ್ಲಿ ‘ಅನುಭವಿ!’ ಎಂದಿತ್ತು. ಕರ್ತೃ ಬೇರೆಯೆಂದು ತಿಳಿದೊಡನೆ ಅವೇ ಪುಟಗಳು ಸಪ್ಪೆಯಾಗಿ ಕಂಡವು. ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಹಾಗಾದರೆ ನಾನು ಮೆಚ್ಚಿದ್ದು ಯಾವುದನ್ನು? ಛಂದೋಂಬುಧಿಯ ನಾಗವರ್ಮನೇ ಬೇರೆ, ಕಾವ್ಯಾವಲೋಕನದ ನಾಗವರ್ಮನೇ ಬೇರೆ ಎಂದು ನಮ್ಮ ವಿದ್ವಾಂಸರು ಶ್ರಮಪಟ್ಟು ಬಿಡಿಸಿ ತೋರಿಸಿದ್ದಾರೆ. ಹಾಗೆ ತೋರಿಸಿದ್ದರಿಂದ ಯಾವ ಗ್ರಂಥದ ಬೆಲೆಯೂ ಏರಿಳಿಯಲಿಲ್ಲ. ನನ್ನ ವಿಮರ್ಶೆಯ ತಕ್ಕಡಿ ಮಾತ್ರ ಒಂದು ಎಸ್ ಅಕ್ಷರದ ಭಾರಕ್ಕೆ ವಾಲಿತ್ತು. ಇದು ಹೇಳಿಕೊಳ್ಳುವಂಥ ವಿಷಯವಲ್ಲ. ಆದರೆ ಪುಸ್ತಕಗಳ ಮೇಲೆ ಅಭಿಪ್ರಾಯ ಹೇಳುವುದನ್ನೇ ಕಸುಬು ಮಾಡಿಕೊಂಡವನು ಬಚ್ಚಿಡುವುದೂ ಸರಿಯಲ್ಲ. ಟಿಪ್ಪಣಿಗಳನ್ನು ಅಳಿಸಲು ರಬ್ಬರು ತೆಗೆದುಕೊಂಡು, ಮತ್ತೆ ಹಾಗೆಯೇ ಬಿಟ್ಟೆ.

ಆ ಎಸ್ ಈಗ ಕಡಲಿನಲ್ಲಿಯೂ ಇದೆ. ಚರ್ಚಿಲ್ಲನ ಹೆಸರನ್ನು ಟ್ಯಾಂಕಿಗಿಟ್ಟರು, ರೈಲಿನ ಎಂಜಿನ್ನಿಗಿಟ್ಟರು. 1965ರಲ್ಲಿ ಅವನ ಪಾರ್ಥಿವ ಶರೀರವನ್ನು ಕೊಂಡೊಯ್ದ ರೈಲನ್ನು ಎಳೆದದ್ದು ಆ ಎಂಜಿನ್ನೇ. 2001ರಲ್ಲಿ ಅಮೆರಿಕದ ನೌಕಾಪಡೆ ತನ್ನ ಯುದ್ಧನೌಕೆಯೊಂದಕ್ಕೆ ವಿನ್‌ಸ್ಟನ್ ಎಸ್. ಚರ್ಚಿಲ್ ಎಂಬ ಹೆಸರಿಟ್ಟು ಸೇವೆಗೆ ಸೇರಿಸಿತು. ಕಾದಂಬರಿಕಾರ ಓದಿ ಬಂದ ನೌಕಾಪಡೆ ಅದು. ಅವನಿಗೆ ದಾರಿ ಬಿಡುವುದಕ್ಕೆಂದು ಇನ್ನೊಬ್ಬ ಸೇರಿಸಿಕೊಂಡ ಅಕ್ಷರ ಅವನದೇ ಪಡೆಯ ಹಡಗಿನ ಮೇಲೆ ಏರಿ ಕುಳಿತಿದೆ.

ಮೊನ್ನೆ ನಮ್ಮ ನಗರದ ಗ್ರಂಥಾಲಯವೊಂದರಲ್ಲಿ ‘ಕಾನಿಸ್ಟನ್’ ಸಿಗುವುದೇ ಎಂದು ಹುಡುಕಿದೆ. ಕಾದಂಬರಿಗಳ ಕಪಾಟಿನಲ್ಲಿ ಇರಲಿಲ್ಲ. ಎರಡನೆಯ ಮಹಾಯುದ್ಧದ ಚರಿತ್ರೆಯ ಆರು ಸಂಪುಟಗಳ ಪಕ್ಕದಲ್ಲಿ, ಏಳನೆಯದೆಂಬಂತೆ, ಧೂಳು ಹೊದ್ದು ನಿಂತಿತ್ತು. ಗ್ರಂಥಪಾಲಕರಿಗೆ ವಿಷಯ ತಿಳಿಸಿದೆ. ಅವರು ಶೀರ್ಷಿಕೆ ಪುಟ ನೋಡಿ, ನನ್ನ ಮುಖ ನೋಡಿ, “ಹೆಸರು ಸರಿಯಾಗಿಯೇ ಇದೆಯಲ್ಲ ಸಾರ್” ಎಂದರು.